ಬರಿಗೈಯಲ್ಲಿ ಬಾರದವಳು

ಈ ಕಣ್ಣಾಸ್ಪತ್ರೆಯಲ್ಲಿ ನನ್ನ ಬಿಪಿ ನೋಡಿ ನೋಡಿ ಮೂರು ಮಿಷನ್ ಹಾಳಾಗಿದೆ, ಗೊತ್ತುಂಟಾ ನಿಮಗೆ? ಕೈಗೆ ಪಟ್ಟಿ ಕಟ್ಟಿದ್ದೇ ಕಟ್ಟಿದ್ದು, ಟುಸ್ ಅಂತ ಒಡೆದದ್ದೇ. ನರ್ಸುಗಳು ಹೊರಗೆ ಓಡಿದ್ರು, ಡಾಕ್ಟ್ರು ಮೇಜಿನ ಅಡಿಗೆ ಹೋದ್ರು. ಹಾಗೆ ನೋಡಬೇಡಿ ನನ್ನನ್ನು. ಸರಿ, ಅರ್ಧ ಸುಳ್ಳು. ಹಾಳಾದದ್ದು ಒಂದೇ ಮಿಷನ್, ಅದೂ ಬ್ಯಾಟರಿ ಮುಗಿದು. ಉಳಿದ ಅರ್ಧ ಮಾತ್ರ ಸತ್ಯ. ಮೂರು ಸಲ ನಾನು ಇದೇ ಬೆಂಚಿನಲ್ಲಿ ಕೂತಿದ್ದೆ. ಈಗ ನೀವು ಕೂತ ಜಾಗದಲ್ಲೇ, ಈಗ ನೀವು ಹಾಕಿಕೊಂಡ ಮುಖವನ್ನೇ ಹಾಕಿಕೊಂಡು.

ನಿಮ್ಮ ಹೆಸರು ಗುರುವಪ್ಪ ಅಲ್ಲವಾ? ನಾನು ಮಾಟ ಮಾಡಿ ತಿಳಿದದ್ದಲ್ಲ ಮಾರಾಯ್ರೆ, ಆ ನರ್ಸು ಕೂಗಿದ್ದು ಉಳ್ಳಾಲದವರೆಗೆ ಕೇಳಿರಬಹುದು. "ಗುರುವಪ್ಪ, ಬಿಪಿ ಹೈ ಉಂಟು, ಅರ್ಧ ಗಂಟೆ ಹೊರಗೆ ಕೂತು ಬನ್ನಿ, ಇಳಿಯದಿದ್ರೆ ಇವತ್ತು ಆಪರೇಷನ್ ಇಲ್ಲ" ಅಂತ. ಜೊತೆಗೆ ಯಾರಿದ್ದಾರೆ ಅಂತ ಕೇಳಿದಳು. ನೀವು "ಬರ್ತಾರೆ" ಅಂದಿರಿ. ಯಾರು ಬರ್ತಾರೆ ಅಂತ ನಾನು ಕೇಳುವುದಿಲ್ಲ. ನಾನೂ ಒಮ್ಮೆ ಹಾಗೆಯೇ ಹೇಳಿದ್ದೇನೆ.

ಸುಮ್ಮನೆ ಗೋಡೆ ನೋಡ್ತಾ ಕೂತ್ರೆ ಅದು ಇಳಿಯುವ ಜಾತಿಯಲ್ಲ. ತಕ್ಕೊಳ್ಳಿ, ಇದನ್ನು ಹಿಡಿಯಿರಿ. ಹೆದರಬೇಡಿ, ಬೆಳ್ಳುಳ್ಳಿ. ಸಿಪ್ಪೆ ತೆಗೆದು ಎಸಳನ್ನು ಈ ಡಬ್ಬಿಗೆ ಹಾಕಿ, ಸಿಪ್ಪೆಯನ್ನು ಈ ಪ್ಲಾಸ್ಟಿಕ್ ತೊಟ್ಟೆಗೆ. ನೆಲಕ್ಕೆ ಬಿದ್ರೆ ಆಯಾ ಬೈತಾಳೆ, ಹೋದ ಸಲ ಬೈದಿದ್ದಾಳೆ. ಆಸ್ಪತ್ರೆಯಲ್ಲಿ ಬೆಳ್ಳುಳ್ಳಿ ಯಾಕೆ ಅಂತ ಹೇಳ್ತೇನೆ, ಅವಸರ ಮಾಡಬೇಡಿ. ನಿಮಗೆ ಅರ್ಧ ಗಂಟೆ ಉಂಟು, ನನಗೆ ಮಧ್ಯಾಹ್ನದವರೆಗೆ ಉಂಟು. ಇವತ್ತು ನಾನು ಪೇಷೆಂಟ್ ಅಲ್ಲ, ಪೇಷೆಂಟಿನ ಜೊತೆಗೆ ಬಂದವಳು, ಬೈಸ್ಟ್ಯಾಂಡರ್. ಪೇಷೆಂಟ್ ಒಳಗೆ ಕಣ್ಣಿಗೆ ಮದ್ದು ಬಿಡಿಸಿಕೊಂಡು ಕೂತಿದ್ದಾಳೆ. ಬುರ್ಖಾ ಹಾಕಿದವಳು, ಒಳಗೆ ಹೋಗುವಾಗ ನಿಮ್ಮ ಕಾಲು ತುಳಿದು ಹೋದಳಲ್ಲ, ಅವಳೇ. ಮುಮ್ತಾಝ್ ಅಂತ.

ನನ್ನ ಹೆಸರು ಮುದ್ದು. ಎಪ್ಪತ್ತನಾಲ್ಕು ವರ್ಷ ಆದ್ರೂ ಮುದ್ದುವೇ, ಎಂತ ಮಾಡುವುದು, ಅಪ್ಪ ಇಟ್ಟದ್ದು. ಗಂಡ ಹೋಗಿ ಹದಿನಾಲ್ಕು ವರ್ಷ ಆಯ್ತು. ಒಳ್ಳೆಯ ಮನುಷ್ಯ, ಮಾತು ಮಾತ್ರ ಕಡಿಮೆ. ನಲವತ್ತು ವರ್ಷದಲ್ಲಿ ನಲವತ್ತು ಮಾತು ಆಡಿರಬಹುದು, ಅದರಲ್ಲಿ ಮೂವತ್ತು "ಊಟ ಆಯ್ತಾ" ಅಂತ.

ನಾನು ಬೀಜದ ಫ್ಯಾಕ್ಟರಿಯಲ್ಲಿದ್ದವಳು. ಗೇರುಬೀಜ. ಮೊದಲು ಬೀಜ ಒಡೆಯುವ ಮಿಷನಿನಲ್ಲಿ ಕೂತಿದ್ದೆ, ಕಾಲಲ್ಲಿ ಒತ್ತಿ ಕೈಯಲ್ಲಿ ಬಿಡಿಸುವುದು. ಒಂದು ದಿನ ಸಿಪ್ಪೆಯ ಎಣ್ಣೆ ಹಾರಿ ಎಡಗಣ್ಣಿಗೆ ಬಿತ್ತು. ಆ ಎಣ್ಣೆ ಚರ್ಮಕ್ಕೆ ತಾಗಿದ್ರೇ ಸುಡುತ್ತದೆ, ಕಣ್ಣನ್ನು ಬಿಡ್ತದಾ? ಹೋಯ್ತು. ಈಗ ಇದು ಇರುವುದು ಚಂದಕ್ಕೆ ಮಾತ್ರ. ಆಮೇಲೆ ನನ್ನನ್ನು ಬೀಜದ ಮೇಲಿನ ಕೆಂಪು ಸಿಪ್ಪೆ ತೆಗೆಯುವ ಕಡೆ ಹಾಕಿದ್ರು. ಅಲ್ಲಿ ನನ್ನ ಕುರುಡು ಬದಿಯಲ್ಲಿ ಕೂತವಳು ಮುಮ್ತಾಝ್. ಅವಳ ಗಂಡ ನೂರ್ ಮುಹಮ್ಮದ್ ಬಂದರಿನಲ್ಲಿ ಒಣಮೀನಿನ ವ್ಯಾಪಾರದಲ್ಲಿದ್ದ, ಸೊಂಟ ಹಿಡಿದು ಮಲಗಿದ ವರ್ಷ ಇವಳು ಕೆಲಸಕ್ಕೆ ಸೇರಿದ್ದು. ಮೊದಲ ದಿನ ಎಂತ ಹೇಳಿದಳು ಗೊತ್ತುಂಟಾ? "ಅಕ್ಕಾ, ನಿಮಗೆ ಈ ಬದಿ ಕಾಣುವುದಿಲ್ಲವಾ? ಒಳ್ಳೇದಾಯ್ತು, ನನ್ನ ಮುಖ ನೋಡಿ ಯಾರಿಗೂ ಇಷ್ಟರವರೆಗೆ ಒಳ್ಳೇದಾಗಿಲ್ಲ." ಅಂದಿನಿಂದ ಹತ್ತೊಂಬತ್ತು ವರ್ಷ ಒಂದೇ ಮಣೆ, ಒಂದೇ ರಾಶಿ. ಕೈ ಬೀಜದಲ್ಲಿ, ಬಾಯಿ ಊರಿನಲ್ಲಿ.

ಫ್ಯಾಕ್ಟರಿ ಮುಚ್ಚಿದ ಮೇಲೆ ಅವಳು ಪ್ರತಿ ಬುಧವಾರ ನಮ್ಮ ಮನೆಗೆ ಬರ್ಲಿಕ್ಕೆ ಶುರು ಮಾಡಿದಳು. ಬೆಂಗ್ರೆಯಿಂದ ಫೆರಿಯಲ್ಲಿ ಹೊಳೆ ದಾಟಿ, ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ದೇರೆಬೈಲಿಗೆ. ಯಾಕೆ ಬುಧವಾರ ಅಂದ್ರೆ ಅವಳಿಗೂ ಗೊತ್ತಿಲ್ಲ. ಒಮ್ಮೆ ಬುಧವಾರ ಬಂದಳು, ಮತ್ತೆ ಹಾಗೆಯೇ ಆಯ್ತು. ಕೈಯಲ್ಲೊಂದು ಪೇಪರಿನ ಕಟ್ಟು ಇದ್ದೇ ಇರ್ತದೆ. ಒಣ ಸಿಗಡಿ, ಇಲ್ಲದಿದ್ರೆ ಒಣಗಿಸಿದ ನಂಗ್ ಮೀನು. ಬರಿಗೈಯಲ್ಲಿ ಯಾರ ಮನೆ ಮೆಟ್ಟಿಲನ್ನೂ ಹತ್ತುವವಳಲ್ಲ ಅವಳು. ನಾನು ಎಷ್ಟು ಸಲ ಬೈದಿದ್ದೇನೆ, ಮನೆಯಲ್ಲಿ ಉಂಟು ಮಾರಾಯ್ತಿ ಅಂತ. "ನನ್ನ ಉಮ್ಮ ಕೈಬೀಸಿಕೊಂಡು ಹೋಗ್ಲಿಕ್ಕೆ ಕಲಿಸಿಲ್ಲ" ಅಂತಾಳೆ. ಈ ಮಾತು ನೆನಪಿಟ್ಟುಕೊಳ್ಳಿ ಗುರುವಪ್ಪಣ್ಣ, ಮುಂದೆ ಬೇಕಾಗ್ತದೆ.

ಈಗ ನಾವಿರುವುದು ಫ್ಲ್ಯಾಟಿನಲ್ಲಿ, ಮೂರನೇ ಮಾಳಿಗೆ. ಮಗ ದೀಪೇಶ್ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೀತಾನೆ. ಸೊಸೆ ಜಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವಳು, ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರಬೇಕು. ಮೊಮ್ಮಗಳು ಅನುಷ್ಕಾ ಕಾಲೇಜಿಗೆ. ಯಾರೂ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. ಎಂಟೂವರೆಗೆ ಮೂವರೂ ಹೋಗ್ತಾರೆ, ಏಳಕ್ಕೆ ಬರ್ತಾರೆ. ಬಂದ ಮೇಲೆ ಮೂವರಿಗೂ ಮಾತಾಡ್ಲಿಕ್ಕೆ ನಾಲಗೆ ಏಳುವುದಿಲ್ಲ. ನಡುವೆ ನಾನು ಮತ್ತು ಫ್ಯಾನು. ಆ ಫ್ಯಾನು ತಿರುಗಿ ತಿರುಗಿ ಇಷ್ಟು ಹೊತ್ತಿಗೆ ದೆಹಲಿ ಮುಟ್ಟಬೇಕಿತ್ತು. ನಾನು ಮಾತ್ರ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ. ಕೆಲಸ ಮಾಡಿ ಆಗುವ ಸುಸ್ತು ಬೇರೆ, ಅದು ನಿದ್ರೆ ಕೊಡ್ತದೆ. ಕೆಲಸ ಇಲ್ಲದೆ ಆಗುವ ಈ ಸುಸ್ತು ಉಂಟಲ್ಲ, ಅದು ಎಲುಬಿನ ಒಳಗೆ ಕೂರ್ತದೆ, ಮಲಗಿದ್ರೂ ಏಳುವುದಿಲ್ಲ.

ಹೀಗಿರುವಾಗ ಬಲಗಣ್ಣಿಗೆ ಪೊರೆ ಬಂತು. ಇದ್ದದ್ದು ಒಂದೇ ಕಣ್ಣು, ಅದಕ್ಕೂ. ಮೊದಲು ಅಕ್ಕಿಯಲ್ಲಿ ಕಲ್ಲು ಕಾಣ್ಲಿಲ್ಲ. ಆಮೇಲೆ ಅಕ್ಕಿ ಕಾಣ್ಲಿಲ್ಲ. ಕಡೆಗೆ ಅನುಷ್ಕಾ ಎದುರು ನಿಂತ್ರೆ ಬಾಗಿಲ ಪರದೆ ಅಂತ ಎಳೆದು ಬದಿಗೆ ಸರಿಸಿದ್ದೇನೆ. ಇದು ಪೂರ್ತಿ ಸುಳ್ಳಲ್ಲ. ಡಾಕ್ಟ್ರು ನೋಡಿ, ಪೊರೆ ಹಣ್ಣಾಗಿದೆ ಅಜ್ಜಿ, ಬೇಗ ತೆಗೆಯಬೇಕು, ಬಿಟ್ರೆ ಕಣ್ಣಿನ ಒಳಗೆ ಪ್ರೆಶರ್ ಏರಿ ಇದೂ ಹೋಗಬಹುದು ಅಂದ್ರು. ಕಾಲು ಗಂಟೆಯ ಕೆಲಸ ಅಂದ್ರು. ಆದರೆ ಬಿಪಿ ನೂರ ಅರವತ್ತರ ಕೆಳಗೆ ಇರಬೇಕು.

ಮೊದಲ ಸಲ ದೀಪೇಶ್ ಕರ್ಕೊಂಡು ಬಂದ. ಪಾಪ, ಅರ್ಧ ದಿನ ರಜೆ ಹಾಕಿದ್ದ. ಅರ್ಧ ದಿನ ಪೂರ್ತಿ ಅವನ ಮೊಬೈಲು ಬಡಕೊಳ್ತಿತ್ತು. "ಹಾಂ ಸಾರ್, ಈಗ ಬಂದೆ ಸಾರ್, ಅಮ್ಮನದ್ದು ಈಗ ಮುಗೀತದೆ ಸಾರ್." ನನ್ನದು ಮುಗೀತದೆ ಅಂತ ಹದಿನೆಂಟು ಸಲ ಹೇಳಿದ. ಕೇಳಿ ಕೇಳಿ ನನಗೇ ಸಂಶಯ ಬಂತು. ಕೈಗೆ ಪಟ್ಟಿ ಕಟ್ಟಿದ್ರು. ನೂರ ತೊಂಬತ್ತು. "ಎರಡು ವಾರ ಬಿಟ್ಟು ಬನ್ನಿ. ಮಾತ್ರೆ ಸರಿಯಾಗಿ ತಕ್ಕೊಳ್ಳಿ. ಉಪ್ಪು ಕಡಿಮೆ ಮಾಡಿ" ಅಂದ್ರು. ದೀಪೇಶ್ ಬೈಕಿನಲ್ಲಿ ಮನೆಗೆ ಬಿಟ್ಟು ಹಾಗೆಯೇ ಅಂಗಡಿಗೆ ಹೋದ. ಬೈದಿದ್ರೆ ಒಳ್ಳೇದಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಜಯ ಹೇಳಿದಳು, "ಮಾಮಿ, ಇನ್ನು ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ, ಒಣಮೀನು ಇಲ್ಲ."

"ಉಸಿರು ಉಂಟಾ?" ಅಂತ ಕೇಳಿದೆ.

"ತಮಾಷೆ ಅಲ್ಲ ಮಾಮಿ. ಒಂದೇ ಕಣ್ಣು ಇರುವುದು ನಿಮಗೆ."

ಅದು ಸರಿಯೇ. ಗಂಜಿ ಕೊಟ್ಟಳು. ಬಟ್ಟೆ ಒಗೆದ ನೀರಿಗೂ ಅದಕ್ಕಿಂತ ಜಾಸ್ತಿ ರುಚಿ ಇರ್ತದೆ. ನಾನು ಕುಡಿದೆ. ಕಣ್ಣಿನ ಆಸೆ.

ಬುಧವಾರ ಬಂತು, ಮುಮ್ತಾಝ್ ಬರ್ಲಿಲ್ಲ. ಹನ್ನೊಂದು ಗಂಟೆಯಿಂದ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಿದ್ದೆ. ಲಿಫ್ಟು ಶಬ್ದ ಮಾಡಿದಾಗೆಲ್ಲ "ಬಾರೇ, ಇವತ್ತು ಫೆರಿ ಮುಳುಗಿತಾ?" ಅಂತ ಹೇಳ್ಲಿಕ್ಕೆ ಬಾಯಿ ರೆಡಿ ಮಾಡಿದ್ದೆ. ಎದುರು ಮನೆಗೆ ಗ್ಯಾಸ್ ತಂದವನಿಗೆ ಹೇಳಿಬಿಟ್ಟೆ, ಅವನು ಹೆದರಿದ. ಮಳೆ ಇಲ್ಲ, ಗಾಳಿ ಇಲ್ಲ. ಸರಿ, ಮುಂದಿನ ಬುಧವಾರ ಬರ್ತಾಳೆ ಅಂದುಕೊಂಡೆ. ಅದೂ ಹೋಯ್ತು. ಅನುಷ್ಕಾ ಹತ್ರ ಫೋನ್ ಹಚ್ಚಿಸಿದೆ. ಅವಳ ಸೊಸೆ ಸುಹೈಲಾ ತೆಗೆದು, "ಉಮ್ಮ ಮಲಗಿದ್ದಾರೆ" ಅಂದಳು. ಮರುದಿನವೂ ಮಲಗಿದ್ದಾರೆ. ಅದರ ಮರುದಿನವೂ. ಇಷ್ಟು ಮಲಗಿದ್ರೆ ಒಂದೋ ಅವಳು ನನ್ನ ಮೇಲೆ ಕೋಪ ಮಾಡಿಕೊಂಡಿರಬೇಕು, ಇಲ್ಲ ಏಳುವ ಸ್ಥಿತಿಯಲ್ಲಿ ಇಲ್ಲ. ನನ್ನ ತಲೆಗೆ ಎರಡೂ ಬಂತು. ಕೋಪ ಅಂದ್ರೆ ಯಾವ ಮಾತಿಗೆ? ಹತ್ತೊಂಬತ್ತು ವರ್ಷ ಫ್ಯಾಕ್ಟರಿಯಲ್ಲಿ ಆಡಿದ ಮಾತು, ಮತ್ತೆ ಇಷ್ಟು ವರ್ಷದ ಬುಧವಾರದ ಮಾತು, ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡಿದೆ. ಫ್ಯಾನಿನ ಅಡಿಯಲ್ಲಿ ಮಲಗಿ ಇದೇ ಕೆಲಸ. ಕುತ್ತಿಗೆಯ ಹಿಂದೆ ಯಾರೋ ರುಬ್ಬುವ ಕಲ್ಲು ಇಟ್ಟ ಹಾಗೆ ಭಾರ. ಮಧ್ಯಾಹ್ನ ನಿದ್ರೆ ಇಲ್ಲ. ಹಸಿವೆ ಇಲ್ಲ. ಬೊಡಿದು ಹೋಯ್ತು, ಸಾಕು ಸಾಕಾಯ್ತು ಮಾರಾಯ್ರೆ, ಕೈ ಎತ್ತಿ ತಲೆ ಬಾಚುವುದೂ ಬೇಡ ಅನ್ನುವಷ್ಟು.

ನೀವು ನಿಲ್ಲಿಸಿದಿರಲ್ಲ? ಬಿಡಿಸಿ, ಬಿಡಿಸಿ. ಕಿವಿಗೂ ಕೈಗೂ ಜಗಳ ಇಲ್ಲ. ಉಗುರಿನಲ್ಲಿ ಹಾಗೆ ಕೀಳಬೇಡಿ, ಬುಡ ಒತ್ತಿ, ತಾನೇ ಬಿಡ್ತದೆ. ಹಾಂ.

ಎರಡನೆಯ ಸಲ ಜಯ ಬಂದಳು ನನ್ನೊಟ್ಟಿಗೆ. ಉಪ್ಪು ಬಿಟ್ಟು ಎರಡು ವಾರ. ಮಾತ್ರೆ ಒಂದೂ ತಪ್ಪಿಸ್ಲಿಲ್ಲ, ದೇವರಾಣೆ. ಪಟ್ಟಿ ಕಟ್ಟಿದ್ರು. ಇನ್ನೂರ ನಾಲ್ಕು! ನರ್ಸು ಎರಡು ಸಲ ನೋಡಿದಳು, ಮತ್ತೆ ಬೇರೆ ಮಿಷನ್ ತಂದಳು. ಅದೇ ಬ್ಯಾಟರಿ ಮುಗಿದದ್ದು. ಜಯನ ಮುಖ ನನಗೆ ಕಾಣುವುದಿಲ್ಲ, ಆದರೆ ಅವಳು ಉಸಿರು ಬಿಟ್ಟದ್ದು ಕೇಳಿತು.

ಡಾಕ್ಟ್ರು ಕೇಳಿದ್ರು, "ಅಜ್ಜಿ, ಮನೆಯಲ್ಲಿ ಏನಾದರೂ ಟೆನ್ಷನ್ ಉಂಟಾ?"

ನಾನು ಎಂತ ಹೇಳುವುದು? ಸೊಸೆ ಹತ್ರವೇ ನಿಂತಿದ್ದಾಳೆ. ಬುಧವಾರ ಬರುವವಳು ಬರ್ಲಿಲ್ಲ ಅಂತ ಡಾಕ್ಟ್ರಿಗೆ ಹೇಳ್ಲಿಕ್ಕೆ ಆಗ್ತದಾ? ಅದಕ್ಕೆ ಎಂತ ಮಾತ್ರೆ ಬರೀತಾರೆ, ದಿನಕ್ಕೆ ಎಷ್ಟು ಸಲ? "ಇಲ್ಲ ಡಾಕ್ಟ್ರೆ, ನನಗೆ ಎಂತ ಟೆನ್ಷನ್, ಮೂರು ಹೊತ್ತು ತಿಂದು ಮಲಗುವುದು" ಅಂದೆ. ಅವರು ಇನ್ನೊಂದು ಮಾತ್ರೆ ಸೇರಿಸಿದ್ರು. "ಇನ್ನು ಹತ್ತು ದಿನ. ಅದಕ್ಕಿಂತ ತಡ ಮಾಡುವುದು ಕಷ್ಟ, ಕಣ್ಣು ಕಾಯುವುದಿಲ್ಲ" ಅಂದ್ರು.

ಮನೆಗೆ ಬಂದೆ. ಕಣ್ಣು ಕಾಯುವುದಿಲ್ಲ. ಕತ್ತಲೆಯಲ್ಲಿ ಆ ಫ್ಯಾನಿನೊಟ್ಟಿಗೆ ಇನ್ನು ಎಷ್ಟು ವರ್ಷ ಅಂತ ಲೆಕ್ಕ ಹಾಕಿದೆ. ನಮ್ಮ ಅಮ್ಮ ತೊಂಬತ್ತೊಂದರವರೆಗೆ ಇದ್ರು. ದೇವರೇ.

ಮೂರನೆಯ ಬುಧವಾರ, ಎಲ್ಲರೂ ಹೋದ ಮೇಲೆ, ನಾನೇ ಹೊರಟೆ. ಕೊಡೆಯನ್ನು ಕೋಲು ಮಾಡಿಕೊಂಡೆ. ಬಸ್ಸಿನ ಬೋರ್ಡು ನನಗೆ ಇರುವೆ ಸಾಲು. ಬಂದ ಬಸ್ಸಿಗೆಲ್ಲ ಕೈ ಹಿಡಿದು "ಸ್ಟೇಟ್ ಬ್ಯಾಂಕಾ?" ಅಂತ ಕೇಳಿದೆ, ಒಂದು ಕಸದ ಲಾರಿಯೂ ನಿಂತಿತು. ಸ್ಟೇಟ್ ಬ್ಯಾಂಕಿನಿಂದ ಬಂದರಿಗೆ ನಡೆದೆ. ದಾರಿ ಕಣ್ಣಿಗೆ ಕಾಣದಿದ್ರೆ ಎಂತ, ಮೂಗಿಗೆ ಕಾಣ್ತದೆ. ಫೆರಿಗೆ ಹತ್ತುವಾಗ ಒಬ್ಬ ಹುಡುಗಿ ಕೈ ಹಿಡಿದು ಕೂರಿಸಿದಳು. ನೀರಿನ ಗಾಳಿ ಮುಖಕ್ಕೆ ಹೊಡೆಯಿತು. ಮೂರು ವಾರದಲ್ಲಿ ಮೊದಲ ಸಲ ಮೈಗೆ ಏನೋ ತಾಗಿದ ಹಾಗೆ ಆಯ್ತು.

ಬೆಂಗ್ರೆಯಲ್ಲಿ ಅವಳ ಮನೆ ಕೇಳಿ ಕೇಳಿ ಮುಟ್ಟಿದೆ. ಜಗಲಿಯಲ್ಲಿ ಒಂದು ಕಪ್ಪು ರಾಶಿ ಕೂತಿತ್ತು.

"ಏ ರಾಶಿ, ಇದು ಮುಮ್ತಾಝ್‌ನ ಮನೆಯಾ?" ಅಂದೆ.

ರಾಶಿ ಎದ್ದು ನಿಂತಿತು. "ಅಲ್ಲಾ! ಮುದ್ದಕ್ಕ! ಒಬ್ಬಳೇ ಬಂದದ್ದಾ? ಕಣ್ಣಿಲ್ಲ, ಬುದ್ಧಿ ಸಹ ಇಲ್ಲವಾ?"

"ನೀನು ಸತ್ತಿದ್ದೀಯಾ ಅಂತ ನೋಡ್ಲಿಕ್ಕೆ ಬಂದೆ."

"ಸತ್ತಿದ್ರೆ ನಿನಗೆ ಹೇಳದೆ ಸಾಯ್ತೇನಾ?"

"ಮತ್ತೆ ಬುಧವಾರ ಯಾಕೆ ಬರ್ಲಿಲ್ಲ?"

ಅವಳು ಸುಮ್ಮನಾದಳು. ಮುಮ್ತಾಝ್ ಸುಮ್ಮನಾದದ್ದನ್ನು ನಾನು ಆಯುಷ್ಯದಲ್ಲಿ ಎರಡೇ ಸಲ ಕಂಡದ್ದು, ಒಂದು ಗಂಡ ಹೋದ ದಿನ, ಇನ್ನೊಂದು ಇದು. ಸುಹೈಲಾ ಚಾ ತಂದಿಟ್ಟು ಒಳಗೆ ಹೋದಳು. ಆಮೇಲೆ ಮುಮ್ತಾಝ್ ಮೆಲ್ಲ ಹೇಳಿದಳು, "ನಿನ್ನ ಸೊಸೆ ಫೋನ್ ಮಾಡಿದ್ದಳು. ಮುಮ್ತಾಝಕ್ಕ, ಇನ್ನು ಒಣಮೀನು ತರಬೇಡಿ, ಮಾಮಿಗೆ ಬಿಪಿ, ಡಾಕ್ಟ್ರು ಉಪ್ಪು ಬೇಡ ಅಂದಿದ್ದಾರೆ ಅಂತ. ಚಂದದಲ್ಲೇ ಹೇಳಿದಳು. ತಪ್ಪು ಹೇಳಬಾರದು."

"ಒಣಮೀನು ಬೇಡ ಅಂದಳು. ನೀನು ಬೇಡ ಅಂದಳಾ?"

"ಮತ್ತೆ ಕೈಬೀಸಿಕೊಂಡು ಬರುವುದಾ ನಾನು? ಇಷ್ಟು ವರ್ಷ ನಾನು ತಂದದ್ದು ತಿಂದೇ ನಿನ್ನ ಕಣ್ಣು ಹೋದದ್ದು ಅಂತ ನನ್ನ ತಲೆಗೆ ಬಂತು ಮುದ್ದಕ್ಕ. ಯಾವ ಮುಖ ತಕ್ಕೊಂಡು ಬರುವುದು? ಫೋನ್ ಬಂದಾಗೆಲ್ಲ ಮಲಗಿದ್ದೇನೆ ಅಂತ ಹೇಳು ಅಂದೆ ಸುಹೈಲಾನಿಗೆ."

ನೋಡಿ ಗುರುವಪ್ಪಣ್ಣ. ಜಯ ಮನೆಯಿಂದ ಉಪ್ಪು ತೆಗೆದಳು, ಉಪ್ಪಿನೊಟ್ಟಿಗೆ ಇವಳೂ ಹೋದಳು. ಒಬ್ಬಳಿಗೆ ನನ್ನ ಕಣ್ಣಿನ ಚಿಂತೆ, ಇನ್ನೊಬ್ಬಳಿಗೂ ನನ್ನ ಕಣ್ಣಿನದ್ದೇ ಚಿಂತೆ. ಇಬ್ಬರೂ ಸೇರಿ ನನ್ನನ್ನು ಇನ್ನೂರ ನಾಲ್ಕಕ್ಕೆ ಹತ್ತಿಸಿದ್ರು. ಯಾರಿಗೆ ಬೈಯುವುದು? ನನಗೆ ಬೈಯುವಷ್ಟು ಬಲವೂ ಇರ್ಲಿಲ್ಲ. ಸುಮ್ಮನೆ ಗೋಡೆಗೆ ಒರಗಿದೆ.

ಅವಳ ಕೈ ಮುಟ್ಟಿ ನೋಡಿದೆ, ತಣ್ಣಗೆ. ಅವಳೂ ಇಳಿದಿದ್ದಳು. ಬಳೆ ಮೊಣಕೈಗೆ ಜಾರ್ತಿತ್ತು. ಮಗ ಇಲ್ಯಾಸ್ ಉಮ್ಮನಿಗೆ ಶುಗರ್ ಅಂತ ಒಂದು ಕೆಲಸ ಮುಟ್ಲಿಕ್ಕೆ ಬಿಡುವುದಿಲ್ಲವಂತೆ. ಮೂರು ಹೊತ್ತು ಜಗಲಿಯಲ್ಲಿ ಕೂತು, ಹೋಗುವ ದೋಣಿ ಬರುವ ದೋಣಿ ನೋಡುವುದು. ನನಗೆ ಫ್ಯಾನು, ಅವಳಿಗೆ ದೋಣಿ. ಅಷ್ಟೇ ವ್ಯತ್ಯಾಸ. "ನಿನಗೂ ಕಣ್ಣು ಮಸುಕಾ?" ಅಂತ ಕೇಳಿದೆ. "ಸ್ವಲ್ಪ" ಅಂದಳು. "ಯಾರಿಗೂ ಹೇಳಿಲ್ಲ. ಹೇಳಿದ್ರೆ ಆಸ್ಪತ್ರೆಗೆ ಯಾರು ಬರ್ತಾರೆ, ಯಾರಿಗೆ ರಜೆ ಉಂಟು, ಅದೇ ಒಂದು ಮೀಟಿಂಗ್ ಆಗ್ತದೆ ಮನೆಯಲ್ಲಿ."

ಅಷ್ಟರಲ್ಲಿ ಸುಹೈಲಾ ಸಾರಿಗೆ ಬೆಳ್ಳುಳ್ಳಿ ಬಿಡಿಸ್ಲಿಕ್ಕೆ ಮೊರ ಹಿಡಿದುಕೊಂಡು ಬಂದಳು. ನಾನು ಕೈ ಹಾಕಿದೆ, ಮುಮ್ತಾಝೂ ಹಾಕಿದಳು. ಸುಹೈಲಾ ಬೇಡ ಬೇಡ ಅಂದಳು, ಯಾರು ಕೇಳ್ತಾರೆ. ಕಣ್ಣು ಬೇಡ ಆ ಕೆಲಸಕ್ಕೆ, ಬೆರಳಿಗೇ ಗೊತ್ತುಂಟು. ಅವಳು ನನ್ನ ಕುರುಡು ಬದಿಯಲ್ಲಿ, ಮೊದಲಿನ ಜಾಗದಲ್ಲೇ. ಕೈ ಓಡಿತು, ಹಿಂದೆಯೇ ಬಾಯಿ ಓಡಿತು. ಫ್ಯಾಕ್ಟರಿಯ ಮೇಸ್ತ್ರಿ ಪಿಯುಸನ ವಿಗ್ಗು ಬೀಜದ ರಾಶಿಗೆ ಬಿದ್ದದ್ದು ಉಂಟಲ್ಲ, ಆ ಕಥೆಯನ್ನು ಅವಳು ಸಾವಿರದ ಮೂರನೆಯ ಸಲ ಹೇಳಿದಳು. ನಾನು ಸಾವಿರದ ಮೂರನೆಯ ಸಲ ನಕ್ಕೆ. ಎರಡು ಸೇರು ಬೆಳ್ಳುಳ್ಳಿ ಮುಗಿಯಿತು. ಸಾರಿಗೆ ಬೇಕಾದದ್ದು ಹತ್ತು ಎಸಳು. ಆಮೇಲೆ ಅಲ್ಲೇ ಚಾಪೆಯಲ್ಲಿ ಸ್ವಲ್ಪ ಒರಗುವ ಅಂತ ತಲೆ ಇಟ್ಟವಳು ನಾಲ್ಕು ಗಂಟೆಯವರೆಗೆ ಮಲಗಿದೆ. ಗೊರಕೆಗೆ ಎರಡು ದೋಣಿ ದಾರಿ ತಪ್ಪಿತಂತೆ, ಮುಮ್ತಾಝ್ ಹೇಳಿದ್ದು, ನಾನಲ್ಲ.

ಏಳುವಾಗ ಜಗಲಿಯಲ್ಲಿ ಜಯ. ಸುಹೈಲಾ ಫೋನ್ ಮಾಡಿ ತಿಳಿಸಿದ್ದಳು. ಅಂಗಡಿಯಿಂದ ಹಾಗೇ ಓಡಿ ಬಂದಿದ್ದಾಳೆ, ಸೆಖೆಗೆ ಬೆವರಿ, ಚಪ್ಪಲಿಯ ಬಾರು ಕಿತ್ತು.

"ಮಾಮಿ, ನೀವು ಸಮುದ್ರಕ್ಕೆ ಬಿದ್ದಿದ್ರೆ ನಾನು ಜನರಿಗೆ ಎಂತ ಹೇಳಬೇಕಿತ್ತು?"

"ಮುಂದಿನ ಜನ್ಮಕ್ಕೆ ಉಪ್ಪು ಸಿಕ್ಕಿತು ಅಂತ ಹೇಳು" ಅಂದೆ.

ನಗ್ಲಿಲ್ಲ ಅವಳು. ಮೆಟ್ಟಿಲಲ್ಲಿ ಕೂತು ಅತ್ತಳು. "ನಾನು ಮೀನು ಬೇಡ ಅಂದದ್ದು. ಇವರನ್ನು ಬೇಡ ಅಂತ ಯಾವಾಗ ಹೇಳಿದೆ? ನನಗೆ ಹೇಳಬಾರದಿತ್ತಾ ನೀವು? ನಿಮಗಾದ್ರೂ ಬುಧವಾರಕ್ಕೆ ಅಂತ ಒಬ್ಬರು ಇದ್ದಾರೆ. ನನಗೆ ಯಾರಿದ್ದಾರೆ ಮಾಮಿ? ದಿನಾ ಹತ್ತು ಗಂಟೆ ನಿಂತು ಬಂದ್ರೆ ಕಾಲು ನೋಯ್ತದಾ ಅಂತ ಕೇಳುವವರು ಯಾರಿದ್ದಾರೆ?"

ಒಂದೇ ಮನೆಯಲ್ಲಿ ಹತ್ತೊಂಬತ್ತು ವರ್ಷ, ಅವಳ ಕಾಲು ಹೇಗೆ ಉಂಟು ಅಂತ ನಾನು ನೋಡಿಲ್ಲ. ಕಣ್ಣು ಚೆನ್ನಾಗಿದ್ದಾಗಲೂ ನೋಡಿಲ್ಲ. ಮುಮ್ತಾಝೇ ಎದ್ದು ಅವಳಿಗೆ ನೀರು ಕೊಟ್ಟಳು, ಸುಹೈಲಾನ ಚಪ್ಪಲಿ ಕೊಟ್ಟಳು. ಫೆರಿಯಲ್ಲಿ ವಾಪಸ್ ಬರುವಾಗ ಜಯ ನನ್ನ ಭುಜಕ್ಕೆ ತಲೆ ಇಟ್ಟು ನಿದ್ರೆ ಮಾಡಿದಳು. ಭುಜ ನೋವಾಯ್ತು. ಅಲುಗಾಡ್ಲಿಲ್ಲ ನಾನು.

ಮೂರನೆಯ ಸಲಕ್ಕೆ ಬೈಸ್ಟ್ಯಾಂಡರ್ ಯಾರು ಅಂತ ಮೀಟಿಂಗ್ ಆಗ್ಲಿಲ್ಲ. "ಮುಮ್ತಾಝ್ ಬರ್ತಾಳೆ" ಅಂದೆ. ದೀಪೇಶ್, "ಅವರಿಗೇ ಸರಿ ಕಾಣುವುದಿಲ್ಲ ಅಮ್ಮ" ಅಂದ. "ನಾನು ನೋಡ್ಲಿಕ್ಕೆ ಕರೆಯುವುದಲ್ಲ, ಮಾತಾಡ್ಲಿಕ್ಕೆ" ಅಂದೆ. ಅವಳಿಗೆ ಫೋನ್ ಮಾಡಿದೆ. "ಬರಿಗೈಯಲ್ಲಿ ಬಾ ಮಾರಾಯ್ತಿ, ನಿನ್ನ ಬಾಯಿ ಒಂದು ತಾ, ಅದರಲ್ಲಿ ಉಪ್ಪು ಬೇಕಾದಷ್ಟುಂಟು."

ಅವಳು ಕೇಳ್ತಾಳಾ? ಬಂದಳು, ಕೈಯಲ್ಲಿ ಪೇಪರಿನ ಕಟ್ಟು. ಪುನಃ ಒಣಮೀನೇ ಅಂದುಕೊಂಡೆ, ಜಯ ಬೇರೆ ಬಿಡ್ಲಿಕ್ಕೆ ಬಂದಿದ್ದಳು. ಬಿಚ್ಚಿದ್ರೆ ಬೆಳ್ಳುಳ್ಳಿ, ಅರ್ಧ ಕೆಜಿ. "ಇದರಲ್ಲಿ ಉಪ್ಪಿಲ್ಲವಲ್ಲ?" ಅಂತ ಜಯನ ಹತ್ರವೇ ಕೇಳಿದಳು. ಆ ದಿನ ಜಯ ನಕ್ಕಳು.

ಕೌಂಟರಿನಲ್ಲಿ ಇರ್ವಿನ್ ಅಂತ ಒಬ್ಬ ಹುಡುಗ ಬರೆಯುವವನು. "ಅಜ್ಜಿ, ಬೈಸ್ಟ್ಯಾಂಡರ್ ನಿಮಗೆ ಎಂತ ಸಂಬಂಧ?" ಅಂದ. ನನ್ನ ಸೀರೆ ನೋಡಿದನಂತೆ, ಅವಳ ಬುರ್ಖಾ ನೋಡಿದನಂತೆ. ನಾನು "ತಂಗಿ" ಅನ್ನುವ ಮೊದಲೇ ಅವಳು, "ಫ್ಯಾಕ್ಟರಿ ಸಂಬಂಧ ಅಂತ ಬರಿ ಮಗಾ" ಅಂದಳು. ಅವನು ಹಾಗೆಯೇ ಬರೆದ. ಬೇಕಾದ್ರೆ ಫೈಲು ತೆಗೆಸಿ ನೋಡಿ.

ಎರಡು ಗಂಟೆ ಇದೇ ಬೆಂಚು. ಬೆಳ್ಳುಳ್ಳಿ ಬಿಡಿಸಿದೆವು. ಸಿಪ್ಪೆ ಫ್ಯಾನಿಗೆ ಹಾರಿ ವಾರ್ಡ್ ಪೂರ್ತಿ ಹೋಯ್ತು, ಆಯಾ ಗುಡಿಸುವ ಹಿಡಿಸೂಡಿ ಹಿಡಿದು ಬಂದು, "ಇದು ಆಸ್ಪತ್ರೆಯಾ, ಸಂತೆಯಾ?" ಅಂದಳು. ಮುಮ್ತಾಝ್ ಅವಳನ್ನೂ ಬಿಡ್ಲಿಲ್ಲ, ಯಾವ ಊರು, ಎಷ್ಟು ಮಕ್ಕಳು, ಸೊಂಟನೋವು ಉಂಟಾ ಅಂತ ಕೇಳಿದಳು. ಆಯಾ ಹಿಡಿಸೂಡಿ ಬದಿಗಿಟ್ಟು ಹತ್ತು ನಿಮಿಷ ಸೊಂಟದ ಕಥೆ ಹೇಳಿ ಹೋದಳು. ನನಗೆ ಕುತ್ತಿಗೆಯ ಕಲ್ಲು ಯಾವಾಗ ಇಳಿಯಿತು ಅಂತ ಗೊತ್ತಾಗ್ಲಿಲ್ಲ. ಸುಸ್ತು ಹೋಯ್ತಾ ಅಂತ ಕೇಳಿದ್ರೆ ಹೋಗಿಲ್ಲ. ಈ ವಯಸ್ಸಿನಲ್ಲಿ ಅದು ಎಲ್ಲಿಗೆ ಹೋಗ್ತದೆ? ಅದನ್ನು ಹೊರ್ಲಿಕ್ಕೆ ಇನ್ನೊಂದು ಕೈ ಬಂತು, ಅಷ್ಟೇ. ಮಾತ್ರೆ ಬಿಟ್ಟೆ ಅಂತ ತಿಳಿಯಬೇಡಿ ಮತ್ತೆ. ಎರಡೂ ಮಾತ್ರೆ ನುಂಗಿಯೇ ಬಂದಿದ್ದೆ. ನೀವೂ ನುಂಗಿದ್ದೀರಲ್ಲ? ಸತ್ಯ ಹೇಳಿ. ಹಾಂ.

ನರ್ಸು ಕರೆದಳು. ಮೊದಲು ಮೂಗು ಮುಚ್ಚಿಕೊಂಡು ನನ್ನ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆಸಿದಳು. ಮುಮ್ತಾಝ್ ನನ್ನ ಕುರುಡು ಬದಿಯಲ್ಲಿ ನಿಂತು ಆ ವಿಗ್ಗಿನ ಕಥೆ ಶುರು ಮಾಡಿದಳು. ನರ್ಸು "ಮಾತಾಡಬಾರದು" ಅಂದಳು. "ಅವಳು ಮಾತಾಡುವುದಿಲ್ಲ ಸಿಸ್ಟರ್, ನಾನು ಮಾತಾಡುವುದು" ಅಂದಳು ಇವಳು. ಪಟ್ಟಿ ಕಟ್ಟಿದ್ರು. ಗಾಳಿ ತುಂಬಿತು. ಕೈ ಹಿಂಡಿತು. ನನ್ನ ಒಂದೇ ಕಣ್ಣು ಆ ಪಟ್ಟಿಯ ಒಳಗೆ ಉಂಟು ಅಂತ ಅನಿಸಿತು. ಗಾಳಿ ಮೆಲ್ಲ ಇಳೀತಾ ಬಂತು, ಟಿಕ್ ಟಿಕ್ ಟಿಕ್. ನರ್ಸು ನಂಬರ್ ನೋಡಿದಳು. ಡಾಕ್ಟ್ರನ್ನು ಕರೆದು ತೋರಿಸಿದಳು. ಡಾಕ್ಟ್ರು ನಂಬರ್ ನೋಡಿ, ನನ್ನನ್ನು ನೋಡಿ, ಮುಮ್ತಾಝನ್ನು ನೋಡಿ, "ಇವರನ್ನು ಎಲ್ಲಿ ಇಟ್ಟಿದ್ರಿ ಅಜ್ಜಿ ಇಷ್ಟು ದಿನ?" ಅಂತ ಕೇಳಿದ್ರು.

ಅಗೋ, ನಿಮ್ಮ ಹೆಸರು ಕೂಗ್ತಿದ್ದಾಳೆ. ಓಡಬೇಡಿ, ಓಡಿದ್ರೆ ಪುನಃ ಏರ್ತದೆ. ಬೆಳ್ಳುಳ್ಳಿ ಇಲ್ಲಿಡಿ, ಕೈ ತೊಳೆಯಿರಿ, ನಾನೂ ಬರ್ತೇನೆ. ಜೊತೆಗೆ ಯಾರು ಅಂತ ಅವಳು ಕೇಳಿದ್ರೆ ನನ್ನನ್ನು ತೋರಿಸಿ. ಎಂತ ಸಂಬಂಧ ಅಂದ್ರೆ, ಬೆಂಚು ಸಂಬಂಧ ಅನ್ನಿ.

ಅವತ್ತು ಎಷ್ಟು ಬಂತು ಅಂತ ಕೇಳ್ತೀರಾ? ನಾನು ಹೇಳುವುದಿಲ್ಲ. ನಾನು ಹೇಳಿದ್ರೆ ನೀವು ಅರ್ಧ ಸುಳ್ಳು ಅಂತೀರಿ. ಒಂದೇ ಮಾತು ಹೇಳ್ತೇನೆ. ನಿಮ್ಮ ಅಂಗಿಯಲ್ಲಿ ಮೇಲಿನಿಂದ ಮೂರನೆಯ ಗುಂಡಿ ಬೇರೆ ಅಂಗಿಯದ್ದು. ಬಿಳಿ ಅಂಗಿಗೆ ಕಪ್ಪು ನೂಲು ಹಾಕಿ ಹೊಲಿದಿದ್ದೀರಿ, ಅದೂ ಗಂಡಸಿನ ಕೈಯ ಹೊಲಿಗೆ, ನಾಲ್ಕು ತೂತಿನಲ್ಲಿ ಎರಡಕ್ಕೆ ಮಾತ್ರ ನೂಲು ಹೋಗಿದೆ. ನಾನು ಅದನ್ನು ಕೂತಾಗಿನಿಂದ ನೋಡ್ತಾ ಇದ್ದೇನೆ, ಈ ಬಲಗಣ್ಣಿನಲ್ಲಿ.

ಈಗ ನೀವೇ ಹೇಳಿ ಗುರುವಪ್ಪಣ್ಣ, ಎಷ್ಟು ಬಂದಿರಬಹುದು?